ನವರಸ ಬ್ರೂವರಿ ಮತ್ತು ಹಯಗ್ರೀವದ ಸೌಟು

ಸಕ್ಕೂಬಾಯಿಗೆ ಗಂಡನ ಮೇಲೆ ಸಿಟ್ಟು ಹುಟ್ಟಿದ್ದು ಮದುವೆಯಾದ ವಾರದಲ್ಲೇ. ಪೆದ್ದಹರಿವಾಣದಿಂದ ಆದವಾನಿಗೆ ಬಂದ ಹೊಸತು. ಅಡಿಗೆಮನೆಯಲ್ಲಿ ಉಪ್ಪು ತೀರಿತ್ತು. ಬಾಗಿಲ ಮರೆಯಲ್ಲಿ ನಿಂತು, "ಉಪ್ಪಿಲ್ಲ" ಎಂದಳು. "ಉಪ್ಪಿಲ್ಲದಿದ್ರ ತಪ್ಪಿಲ್ಲ" ಎಂದು ಹೇಳಿ ಸೇತುಮಾಧವ ಚಪ್ಪಲಿ ಮೆಟ್ಟಿಕೊಂಡು ಹತ್ತಿ ಪ್ರೆಸ್ಸಿನ ಕಚೇರಿಗೆ ಹೊರಟುಹೋದ. ಆ ಹೊತ್ತು ಮನೆಯವರೆಲ್ಲ ಸಪ್ಪೆ ಸಾರು ಉಂಡರು. ಮಾತು ಆಡಿದವನು ಅವನು, ಬೈಸಿಕೊಂಡವಳು ಇವಳು.

ಅದೇ ರೂಢಿಯಾಯಿತು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವುದು ಸೇತುಮಾಧವನ ಹುಟ್ಟಿನಲ್ಲೇ ಇರಲಿಲ್ಲ. ಹಗಲೆಲ್ಲ ಪ್ರೆಸ್ಸಿನಲ್ಲಿ ಅಮುಕಿ ಕಟ್ಟಿದ ಹತ್ತಿಯ ಬೇಲುಗಳ ಮೇಲೆ ಗುರುತು ಹಾಕಿಸುವುದು ಅವನ ಕೆಲಸ. ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಮಾತನ್ನು ತಿರುಚುವುದು ಅವನ ಬದುಕು. ಓಣಿಯವರು ಬಿದ್ದು ಬಿದ್ದು ನಗುತ್ತಿದ್ದರು. ಒಳಗೆ ಅಕ್ಕಿ ಆರಿಸುತ್ತ ಕೂತ ಸಕ್ಕೂಬಾಯಿಗೆ ಆ ನಗು ತನ್ನನ್ನೇ ಕುರಿತದ್ದು ಅನಿಸುತ್ತಿತ್ತು. ಎಷ್ಟೋ ಸಲ ಹಾಗೇ ಇರುತ್ತಿತ್ತು ಕೂಡ.

ಮಕ್ಕಳಾಗಲಿಲ್ಲ. ಅದಕ್ಕೂ ಅವನ ಹತ್ತಿರ ಒಂದು ಚಮತ್ಕಾರದ ಮಾತಿತ್ತು. ಅದನ್ನು ಅವನು ಒಂದೇ ಸಲ ಆಡಿದ. ಅವಳು ಅವನ ಮುಖವನ್ನು ನೋಡಿದ ರೀತಿಗೆ ಮತ್ತೆ ಆಡಲಿಲ್ಲ.

ಅವಳಿಗೆ ಅಂತ ಇದ್ದದ್ದು ಒಂದೇ: ಹಯಗ್ರೀವದ ಸೌಟು.

ಕಿಲ್ಲೆಯ ಗುಡ್ಡದ ಕೆಳಗೆ ಅವರ ಓಣಿ. ಓಣಿಯ ತುದಿಗೆ ಪ್ರಾಣದೇವರ ಗುಡಿ. ಶ್ರಾವಣದಲ್ಲಿ ರಾಯರ ಆರಾಧನೆಗೆ ಮಂತ್ರಾಲಯಕ್ಕೆ ಹೋಗಲಾಗದವರೆಲ್ಲ ಮೂರು ದಿನವೂ ಈ ಗುಡಿಯಲ್ಲೇ ಪಂಕ್ತಿಗೆ ಕೂರುತ್ತಿದ್ದರು. ನೈವೇದ್ಯದ ಹಯಗ್ರೀವ ಮಾಡುವುದು ಸೇತುಮಾಧವನ ಮನೆಯ ಹೆಂಗಸರ ಹಕ್ಕು. ಅತ್ತೆ ಮಾಡುತ್ತಿದ್ದಳು. ಅತ್ತೆಯ ಕೈ ನಡುಗಲು ಶುರುವಾದ ವರ್ಷ ಆ ಉದ್ದ ಹಿಡಿಯ ಹಿತ್ತಾಳೆ ಸೌಟನ್ನು ಇವಳ ಕೈಗಿಟ್ಟು, "ತಿರುವೋದು ನಿಲ್ಲಿಸಬ್ಯಾಡ. ನಿಲ್ಲಿಸಿದೆಂದ್ರ ತಳ ಹಿಡೀತೈತಿ" ಎಂದಿದ್ದಳು. ಕಡಲೆಬೇಳೆ ಅರಳಿ, ಬೆಲ್ಲ ಕರಗಿ, ತುಪ್ಪ ಬಿಡುವ ತನಕ ಸಕ್ಕೂಬಾಯಿ ಒಲೆಯ ಮುಂದೆ ನಿಂತೇ ಇರುತ್ತಿದ್ದಳು. ಬಾಯಲ್ಲಿ ರಾಯರ ನಾಮ, ಕೈಯಲ್ಲಿ ಸೌಟು. ವರ್ಷವೆಲ್ಲ ಅವಳನ್ನು ಸೇತುಮಾಧವನ ಹೆಂಡತಿ ಎಂದು ಕರೆಯುತ್ತಿದ್ದ ಓಣಿ ಆ ಮೂರು ದಿನ ಮಾತ್ರ, "ಸಕ್ಕೂಬಾಯೀ, ಇತ್ತ ಬರ್ರಿ, ಇನ್ನೊಂದು ಸೌಟು" ಎಂದು ಹೆಸರು ಹಿಡಿದು ಕರೆಯುತ್ತಿತ್ತು.

ಆ ಪಂಕ್ತಿಯಲ್ಲಿ ಇನ್ನೊಂದು ಪದ್ಧತಿ. ಎಲೆಗೆ ಅನ್ನ ಬಿದ್ದ ಮೇಲೆ ಒಬ್ಬರು ಪದ್ಯ ಹೇಳಬೇಕು, ಎರಡೆರಡು ಸಾಲಿಗೆ ಮಿಕ್ಕವರು ಗೋವಿಂದನನ್ನು ಕೂಗಬೇಕು. ಮೊದಲ ಪದ್ಯ ಅವಳ ಮಾವನೇ ಕಟ್ಟಿದ್ದು, ಅವರು ಹೋದ ಮೇಲೆ ಸೇತುಮಾಧವ ಹೇಳುತ್ತ ಬಂದದ್ದು:

ಎಲೆಯ ಮುಂದೆ ಕುಳಿತ ಜನಕೆ ಅನ್ನ ಕೊಟ್ಟ ಒಡೆಯನೆ,
ಜಲವ ಕೊಟ್ಟ ಫಲವ ಕೊಟ್ಟ ನೆಲವ ಕೊಟ್ಟ ಒಡೆಯನೆ,
ಉಂಡ ತುತ್ತು ನಿನ್ನದೆಂಬ ನೆನಪು ಕೊಟ್ಟು ಕಾಯೊ ನೀ,
ಉಣದ ಮನೆಗು ಒಂದು ಎಲೆಯ ಹಾಸಿ ಕೊಟ್ಟು ಕಾಯೊ ನೀ.

ದೊಡ್ಡ ಕಾವ್ಯವೇನಲ್ಲ. ಆದರೆ ಆ ಧಾಟಿ ಓಣಿಯ ರಕ್ತದಲ್ಲಿ ಸೇರಿಹೋಗಿತ್ತು. ಹಸಿದು ಕೂತವರು ಮಾತು ಕೇಳುವುದಿಲ್ಲ, ಧಾಟಿ ಕೇಳುತ್ತಾರೆ. ಧಾಟಿ ಇಳಿದರೆ ಸಾಕು, ಗೋವಿಂದ ಏಳುತ್ತಾನೆ.

ಸೇತುಮಾಧವನಿಗೆ ದೊಡ್ಡಪ್ಪನ ಮಗ ಗುರುರಾಜನೆಂದರೆ ಆಗುತ್ತಿರಲಿಲ್ಲ. ಗುರುರಾಜನಿಗೆ ಇವನೆಂದರೆ ಅದಕ್ಕಿಂತ ಆಗುತ್ತಿರಲಿಲ್ಲ. ಒಂದೇ ಗೋಡೆ, ಆಚೆ ಅವರು, ಈಚೆ ಇವರು. ಗುರುರಾಜ ತಾಲ್ಲೂಕು ಕಚೇರಿಯಲ್ಲಿ ಹೆಡ್ ಕ್ಲರ್ಕ್, ಆರಾಧನೆಯ ಸಮಿತಿಗೆ ಅಧ್ಯಕ್ಷ, ಏಕಾದಶಿಗೊಮ್ಮೆ ಗುಡಿಯ ಜಗಲಿಯ ಮೇಲೆ ಕೂತು ಛಂದಸ್ಸು, ಅಲಂಕಾರ, ರಸ ಎಂದು ಪಾಠ ಹೇಳುವ ವಿದ್ವಾಂಸ. ಅವನ ಹೆಂಡತಿ ಜಯಾಬಾಯಿ ರೇಷ್ಮೆ ಸೀರೆಯನ್ನು ಗೋಡೆಯ ಮೇಲೆ ಒಣಗಹಾಕುವಾಗ ಅರ್ಧ ಸೀರೆ ಈ ಕಡೆ ಇಳಿಬಿಡುವಳು, ನೆಗೆಣ್ಣಿ ನೋಡಲಿ ಎಂದು.

ಎಪ್ಪತ್ತೆಂಟರ ಆಷಾಢದ ಏಕಾದಶಿ ಅದು. ಸೇತುಮಾಧವ ತಾನು ಬರೆದ ಒಂದು ಪದ್ಯವನ್ನು ಜಗಲಿಯ ಮುಂದೆ ಓದಿದ. ಓದಬಾರದಿತ್ತು. ಗುರುರಾಜ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೂತವರನ್ನೆಲ್ಲ ಒಮ್ಮೆ ನೋಡಿ ಹೇಳಿದ:

"ಸೇತೂ, ಈ ಪದ್ಯಕ್ಕ ಕಾಲಿಲ್ಲೋ. ಕುಂಟಿದ್ರ ಕೋಲು ಕೊಡಬೌದಿತ್ತು. ಇದಕ್ಕ ಕಾಲ ಇಲ್ಲ. ದೇವರ ಮುಂದ ಇಂಥಾದ್ದು ತರಬ್ಯಾಡ. ಬೇಲಿನ ಮ್ಯಾಲೆ ನಂಬರ್ ಬರೀ, ಅದು ನಿನಗ ಒಗ್ಗತೈತಿ."

ಜನ ನಕ್ಕರು. ಇಷ್ಟು ವರ್ಷ ನಗಿಸಿದವನನ್ನೇ ನೋಡಿ ನಕ್ಕರು. ಹೆಂಗಸರ ಸಾಲಿನಲ್ಲಿದ್ದ ಸಕ್ಕೂಬಾಯಿಗೆ ಒಂದು ಕ್ಷಣ ಸಮಾಧಾನವೇ ಆಯಿತು. ಆದರೆ ಸೇತುಮಾಧವ ಹಾಳೆ ಮಡಚಿ ಕಿಸೆಗಿಟ್ಟುಕೊಂಡು ಮೆಲ್ಲಗೆ ಎದ್ದ.

"ಖರೆ ಅಣ್ಣಾ. ಮಾರ್ಕೆಟ್ ರೋಡಿನ್ಯಾಗ ನಿಮ್ಮ ಅಂಗಡಿಯಿಂದ ಹೊರಗ ಬರೋರಿಗೂ ಕಾಲಿರಂಗಿಲ್ಲ. ಹಂಗಾರ ಅಲ್ಲಿ ಒಳಗ ಮಾರೋದು ಕಾವ್ಯಾನ ಏನು?"

"ಯಾವ ಅಂಗಡಿ?"

"ಅತ್ತಿಗಿ ಹೆಸರಿನ್ಯಾಗ ಐತಲ್ಲ, ಅದು. ಸಾರಾಯಿ ಕಂಟ್ರಾಕ್ಟರ್ ಭೀಮಲಿಂಗಪ್ಪಗ ಬಾಡಿಗಿ ಕೊಟ್ಟೀರಲ್ಲ, ಅದು. ನಮ್ಮ ಪ್ರೆಸ್ಸಿನ ಕಿಟಕಿಗೆ ಎದುರಿಗೇ ಕಾಣತೈತಿ."

ಜಯಾಬಾಯಿ ಸೆರಗನ್ನು ಬಿಗಿದು, "ನಾವು ಗೋದಾಮಿಗಂತ ಕೊಟ್ಟೀವಿ. ಒಳಗ ಅವ ಏನು ಇಟ್ಟಾನಂತ ಹೋಗಿ ಮೂಸಿ ನೋಡ್ಲಿಕ್ಕೆ ನಾವೇನು ನಿಮ್ಮಂಥೋರಾ?" ಎಂದಳು. ಆಗ ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಕೆಮ್ಮಿದ, ಅಷ್ಟೇ. ಆ ಕೆಮ್ಮನ್ನು ಗುರುರಾಜ ಮರೆಯಲಿಲ್ಲ.

ಮರುದಿನ ಸಂಜೆಗೆ ಬ್ರೂವರಿ ಹುಟ್ಟಿತು.

"ಸಾರಾಯಿ ಅಂಗಡಿ ಅಂದ್ರ ನಮ್ಮ ಅಣ್ಣಗ ಅವಮಾನ" ಎಂದು ಸೇತುಮಾಧವ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ಬೆಂಗಳೂರಿನ್ಯಾಗ ಬ್ರೂವರಿ ಅಂತಾರ. ಅಣ್ಣ ವಿದ್ವಾಂಸ, ಅದಕ್ಕ ಇದು ಸಾಹಿತ್ಯದ ಬ್ರೂವರಿ. ಹೆಸರು ನವರಸ. ಬರ್ರಿ, ಕೂಡ್ರಿ. ಏನು ತರಲಿ?"

"ಏನೇನು ಐತ್ರಿ?" ಎಂದು ಕೇಳಿದವನು ಎದುರುಮನೆಯ ಪ್ರಾಣೇಶ, ಪೋಸ್ಟಾಫೀಸಿನ ಗುಮಾಸ್ತ.

"ಗ್ಲಾಸು ಎರಡು ನಮೂನಿ. ಸಣ್ಣದು ಲಘು, ದೊಡ್ಡದು ಗುರು. ಎರಡು ಲಘು ಸೇರಿದ್ರ ಒಂದು ಗುರು, ಛಂದಸ್ಸಿನ್ಯಾಗೂ ಹಂಗ, ಅಂಗಡ್ಯಾಗೂ ಹಂಗ. ಕುಡಿಯೋಕೆ ರಗಳೆ ಮೂರು ಅದಾವ. ಮೊದಲ್ನೇದು ಮಂದಾನಿಲ, ತಣ್ಣಗ ಗಾಳಿ ಬೀಸಿದಂಗ. ಎರಡನೇದು ಲಲಿತ, ಕಂಡೋರ ಹೆಣ್ತಿ ಚಂದ ಕಾಣತಾಳ. ಮೂರನೇದು ಉತ್ಸಾಹ. ಅದರ ಮ್ಯಾಲೆ ಬರೇ ರಗಳೆ, ಪೊಲೀಸರು ಬರತಾರ."

"ಮನೀಗೆ ಹೋಗೋದು ಹೆಂಗ್ರಿ?"

"ಷಟ್ಪದಿ. ತನ್ನವು ಎರಡು ಕಾಲು, ಹಿಡಕೊಂಡು ಹೋಗೋರವು ನಾಕು. ಕುಡಿಯಂಗಿಲ್ಲ ಅಂತ ಆಣಿ ಮಾಡಿದೋರಿಗೆ ಯತಿಭಂಗ ಅಂತ ಬ್ಯಾರೆ ಬಾಟ್ಲಿ ಐತಿ. ಸಿಹಿ ಬೇಕಂದ್ರ ದ್ರಾಕ್ಷಾಪಾಕ. ಗಟ್ಟಿ ಬೇಕಂದ್ರ ನಾರಿಕೇಳಪಾಕ: ಮ್ಯಾಲೆ ಚಿಪ್ಪು, ಅದರ ಮ್ಯಾಲೆ ಜುಟ್ಟು, ಒಳಗ ಬರೇ ನೀರು, ನಮ್ಮ ಅಣ್ಣನ ಪಾಂಡಿತ್ಯ ಇದ್ದಂಗ. ಮುಂಜಾನಿ ತಲಿ ಸಿಡಿದ್ರ ಮಾತ್ರೆ ಫ್ರೀ, ನಾಕು ಮಾತ್ರೆಗೊಂದು ಗಣ."

"ನೆಂಚಿಕೊಳ್ಳಾಕ?"

"ಉಪಮಾ. ಬಿಸಿ ಉಪಮಾ. ರೊಕ್ಕ ಕಮ್ಮಿ ಇದ್ದೋರಿಗೆ ಲುಪ್ತೋಪಮಾ: ತಟ್ಟಿ ಬರತೈತಿ, ಉಪ್ಪಿಟ್ಟು ಬರಂಗಿಲ್ಲ!"

ಪ್ರಾಣೇಶ ಕಟ್ಟೆಗೆ ಬೆನ್ನು ಕೊಟ್ಟು ಕಣ್ಣೊರೆಸಿಕೊಂಡ. ದಾರಿಯಲ್ಲಿ ಹೋಗುವವರು ನಿಂತರು. ಗೋಡೆಯಾಚೆ ಬಾಗಿಲು ಧಡ್ ಎಂದು ಮುಚ್ಚಿತು. ಒಳಗೆ ಸಕ್ಕೂಬಾಯಿ ಬತ್ತಿ ಹೊಸೆಯುತ್ತಿದ್ದಳು. ಗಂಡನ ದನಿಯಲ್ಲಿ ಎಂದೂ ಇಲ್ಲದ ಒಂದು ಗರಗಸ ಅವಳಿಗೆ ಕೇಳಿಸಿತು. ಇದು ನಗಿಸುವುದಕ್ಕೆ ಆಡಿದ ಮಾತಲ್ಲ, ಕೊಯ್ಯುವುದಕ್ಕೆ ಆಡಿದ್ದು.

ಸಂಜೆ ಸಂಜೆಗೂ ಪಟ್ಟಿ ಬೆಳೆಯಿತು. ಆದರೆ ಅದು ಓಣಿ ದಾಟಿ ಮಾರ್ಕೆಟ್ ಮುಟ್ಟಿದ್ದು ಅವನು ಅದನ್ನು ಹಾಡು ಮಾಡಿದ ಮೇಲೆ. ಮಾಡಿದ್ದು ಮಾವನವರ ಪದ್ಯದ ಧಾಟಿಯಲ್ಲಿ:

ಬೆಂಚಿನಲ್ಲಿ ಕುಳಿತ ಜನಕೆ ಗ್ಲಾಸು ಕೊಟ್ಟ ಅಣ್ಣನೆ,
ಲಘುವ ಕೊಟ್ಟ ಗುರುವ ಕೊಟ್ಟ ರಗಳೆ ಕೊಟ್ಟ ಅಣ್ಣನೆ!

ಹತ್ತಿ ಗಾಡಿ ಹೊಡೆಯುವವರು ಹಾಡಿದರು. ಹುಡುಗರು ಗುರುರಾಜನ ಕಿಟಕಿಯ ಕೆಳಗೆ ಹಾಡಿ ಓಡಿದರು. ಅವನು ಸಂಧ್ಯಾವಂದನೆಗೆ ಕೂತರೆ ಹಾಡು, ಕಚೇರಿಗೆ ಹೊರಟರೆ ಹಾಡು.

ಸಕ್ಕೂಬಾಯಿ ಅವತ್ತು ಗಂಡನಿಗೆ ಅನ್ನ ಬಡಿಸಿ ಎದುರಿಗೆ ನಿಂತಳು.

"ಮಾವನೋರ ಪದ್ಯಾನ ಒಯ್ದು ಸಾರಾಯಿ ಅಂಗಡಿಗೆ ಹಚ್ಚಿದಿರಲ್ಲ. ನಿಮ್ಮ ಬಾಯಿಗೆ ಬ್ಯಾರೆ ಧಾಟಿ ಸಿಗಲಿಲ್ಲೇನು?"

"ಧಾಟಿ ಅಪ್ಪಂದು, ಧಾಡಿ ನಂದು."

"ಥೂ! ನೆಟ್ಟಗ ಮಾತಾಡ್ರಿ, ಒಂದು ಸಲರೆ."

ಅವನು ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. "ಅವ ನನ್ನ ಪದ್ಯಕ್ಕ ಕಾಲಿಲ್ಲ ಅಂದ. ನೀನೂ ನಕ್ಕಿದ್ದಿ. ನಾ ನೋಡೀನಿ."

ಅವಳು ನಕ್ಕಿರಲಿಲ್ಲ. ಆದರೆ ಸಮಾಧಾನಪಟ್ಟಿದ್ದಳು. ಅದಕ್ಕೇ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾರ ಭೀಮಲಿಂಗಪ್ಪನೇ ಮನೆಯ ಮುಂದೆ ಬಂದು ನಿಂತ. ಬಿಳಿ ಪಂಚೆ, ಕಿವಿಯಲ್ಲಿ ಅತ್ತರಿನ ಹತ್ತಿ, ಮುಖದ ತುಂಬ ಸಂತೋಷ, ಬಾಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ.

"ಸಾಮಿ ಮನ್ಯಾಗ ಲೇರಾ ಅಮ್ಮಾ? ಸಾಮಿ ಬರೆದ ಪದ್ಯಂ ಭಲೇ ಐತಿ. ಜನ ಬಂದು, ನಂಗೊಂದು ಲಲಿತ ಇವ್ವು, ನಂಗೊಂದು ಉತ್ಸಾಹ ಇವ್ವು ಅಂತಾರ. ವ್ಯಾಪಾರ ಡಬಲ್ ಆತು. ಗೋಡಿ ಮ್ಯಾಲೆ ಪೇಂಟ್ ಹೊಡಸ್ತೀನಿ, ಸಾಮಿಗೆ ಒಂದು ಧೋತ್ರ ಕೊಡ್ತೀನಿ."

"ಇನ್ನೊಂದು ಹೆಜ್ಜಿ ಮುಂದಿಟ್ಟಿ ಅಂದ್ರ ಸಗಣಿ ನೀರು ಹೊಯ್ತೀನಿ" ಎಂದಳು ಸಕ್ಕೂಬಾಯಿ.

"ಹಂಗಂದ್ರ ಹೆಂಗಮ್ಮಾ? ಬಿಲ್ಡಿಂಗ್ ಓನರ್ ನಿಮ್ಮ ಭಾವಗಾರೇ ಕದಾ!"

ಅವಳು ಚೆಂಬು ಎತ್ತಿದಳು. ಅವನು ಹೋದ. ಆದರೆ ಗೋಡೆಗೆ ಬಣ್ಣ ಬಿತ್ತು. ನೀಲಿ ಅಕ್ಷರದಲ್ಲಿ 'ನವರಸ', ಒಂದು ಕಡೆ ಕನ್ನಡ, ಒಂದು ಕಡೆ ತೆಲುಗು. ಇಲ್ಲದ ಬ್ರೂವರಿಗೆ ಗೋಡೆ ಬಂತು. ಗುರುರಾಜನನ್ನು ಹಣಿಯಲು ಕಟ್ಟಿದ್ದು ಗುರುರಾಜನ ಬಾಡಿಗೆದಾರನ ಗಲ್ಲಾ ತುಂಬಿಸಿತು. ಸೇತುಮಾಧವ ಪ್ರೆಸ್ಸಿನ ಕಿಟಕಿಯಿಂದ ಅದನ್ನು ನೋಡಿದ ದಿನ ಮನೆಗೆ ಬಂದು ಕಟ್ಟೆಯ ಮೇಲೆ ಕೂರದೆ ಒಳಗೆ ಹೋಗಿ ಮಲಗಿದ.

ಆರಾಧನೆ ಹತ್ತಿರ ಬಂತು. ಗುಡಿಯಲ್ಲಿ ಸಮಿತಿ ಕೂತಾಗ ಗುರುರಾಜ ಎಲ್ಲರ ಮುಂದೆ, ದೇವರ ದೀಪದ ಮುಂದೆ ನಿಂತು ನೇಮ ಹಾಕಿದ.

"ದೇವರ ಪದ್ಯಾನ ಕೆಡಿಸಿದ ಮನಿಯವರ ಕೈಲಿಂದ ನೈವೇದ್ಯ ಬ್ಯಾಡ. ಈ ಸಲ ಹಯಗ್ರೀವ ಜಯಾ ಮಾಡತಾಳ. ಸೇತು ಪಂಕ್ತಿಗೆ ಕೂಡ್ಲಿ, ಬಾಯಿ ಮಾತ್ರ ಬಿಚ್ಚಬಾರದು. ಮೂರು ದಿನ ಸುಮ್ಮನಿದ್ರ ಬರೋ ವರ್ಷ ಸಕ್ಕೂಬಾಯಿ ಸೌಟು ಹಿಡೀಲಿ. ಒಂದು ಮಾತು ತಿಳಕೊಳ್ರಿ: ಪಂಕ್ತಿಯೊಳಗ ಆ ಬ್ರೂವರಿಯ ಒಂದು ಅಕ್ಷರ ಯಾರ ಬಾಯಿಂದ ಬರಲಿ, ಆ ಮನಿ ಹೆಂಗಸರಿಗೆ ಮಡಿ ಅಡಿಗಿ ಒಳಗ ಜಾಗ ಇಲ್ಲ. ಅವತ್ತೇ, ಆ ಕ್ಷಣಕ್ಕೇ ಹೊರಗ."

"ಯಾರ ಬಾಯಿಂದ ಬಂದರೂ?" ಎಂದು ಕೇಳಿದವಳು ತುಳಸಿಬಾಯಿ. ಓಣಿಗೆಲ್ಲ ಹಿರಿಯಳು, ಮಡಿ ಅಡಿಗೆಗೆ ಯಜಮಾನಿ. ಯಾರ ಪರವೂ ಅಲ್ಲ. ಅವಳಿಗೆ ಬೇಕಾದ್ದು ಹೊತ್ತಿಗೆ ಸರಿಯಾಗಿ ಒಲೆ ಹತ್ತುವುದು.

"ಯಾರ ಬಾಯಿಂದ ಬಂದರೂ" ಎಂದ ಗುರುರಾಜ, ಸೇತುಮಾಧವನನ್ನೇ ನೋಡುತ್ತ.

ಜಯಾಬಾಯಿ ಮರುದಿನವೇ ಸೌಟು ಕೇಳಲು ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಕೈ ಚಾಚಿದಳು.

"ಕೊಡವಾ. ಹುಳಿ ಹಚ್ಚಿ ತಿಕ್ಕಬೇಕು. ನಿಮ್ಮನಿ ಮಾತಿನ ವಾಸನಿ ಹೋಗಬೇಕಲ್ಲ."

ಸಕ್ಕೂಬಾಯಿ ಸೌಟನ್ನು ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಒಳಗೆ ಹೋದಳು. ಜಯಾಬಾಯಿ ಬಗ್ಗಿ ಎತ್ತಿಕೊಳ್ಳಬೇಕಾಯಿತು.

ಆ ಮೇಲೆ ದೇವರ ಮುಂದೆ ದೀಪ ಹಚ್ಚಿ ಗಂಡನನ್ನು ಕರೆದಳು. "ಮೂರು ದಿನ. ಬಾಯಿ ಬಿಚ್ಚಿದಿರಿ ಅಂದ್ರ ನಾ ಪೆದ್ದಹರಿವಾಣದ ಬಸ್ ಹತ್ತತೀನಿ. ತಿರುಗಿ ಬರಂಗಿಲ್ಲ. ನನಗ ಮಕ್ಕಳಿಲ್ಲ, ಮರಿ ಇಲ್ಲ, ನಿಮ್ಮಿಂದ ಒಂದು ನೆಟ್ಟನ ಮಾತಿಲ್ಲ. ಅದೊಂದು ಸೌಟಿತ್ತು. ಅದನ್ನೂ ನಿಮ್ಮ ನಾಲಿಗಿ ನುಂಗಿತು."

ಸೇತುಮಾಧವ ದೀಪದ ಮೇಲೆ ಕೈ ಇಟ್ಟು, "ಬಿಚ್ಚಂಗಿಲ್ಲ" ಎಂದ. ಬಹುಶಃ ಅದೇ ಅವನು ಅವಳಿಗೆ ಆಡಿದ ಮೊದಲ ನೆಟ್ಟನೆಯ ಮಾತು.

ಪೂರ್ವಾರಾಧನೆಯ ದಿನ ಸಕ್ಕೂಬಾಯಿ ಎಂದಿನಂತೆ ತಲೆಗೆ ನೀರು ಹಾಕಿಕೊಂಡು, ಒಗೆದು ಯಾರೂ ಮುಟ್ಟದಂತೆ ಒಣಗಿಸಿದ ಮಡಿ ಸೀರೆಯುಟ್ಟೇ ಗುಡಿಗೆ ಹೋದಳು. ಅಡಿಗೆಮನೆಯ ಹೊಸ್ತಿಲಲ್ಲಿ ಜಯಾಬಾಯಿ ಅಡ್ಡ ನಿಂತು, "ನಿನಗೆ ಯಾಕವಾ ಮಡಿ? ಹೊರಗಿನ ಕೆಲಸಕ್ಕ ಮೈಲಿಗಿ ಸೀರಿ ಸಾಕಲ್ಲ" ಎಂದಳು. ಸಕ್ಕೂಬಾಯಿ ಹಿತ್ತಲಿನ ಕಲ್ಲಿನ ಮೇಲೆ, ಯಾರಿಗೂ ತಾಕದಂತೆ ಒಂಟಿಯಾಗಿ ಕೂತಳು. ಅವಳಿಗೆ ಕೊಟ್ಟ ಕೆಲಸ ಬಾಳೆ ಎಲೆಗಳನ್ನು ತೊಳೆದು ಜೋಡಿಸಿಡುವುದು. ತೊಳೆದಳು.

ಆ ದಿನ ಪಂಕ್ತಿಯಲ್ಲಿ ಪದ್ಯವೇ ಆಗಲಿಲ್ಲ. ಹೇಳುವವನ ಬಾಯಿ ಕಟ್ಟಿತ್ತು, ಬೇರೆಯವರು ಬಾಯಿ ತೆರೆಯಲು ಹೆದರಿದರು. ಅನ್ನ ಕಲಸುವ ಸದ್ದು ಮಾತ್ರ ಕೇಳಿಸಿತು. ಎದ್ದು ಕೈ ತೊಳೆಯುವಾಗ ಪ್ರಾಣೇಶ ಎಲ್ಲರಿಗೂ ಕೇಳುವಂತೆ, "ತಿಥಿ ಊಟ ಉಂಡಂಗಾತು" ಎಂದ. ಹಯಗ್ರೀವದ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದುದು ಸಕ್ಕೂಬಾಯಿಯ ಕಿವಿಗೆ ಹಿತವಾಗಿ ಬಿತ್ತು. ರಾಯರ ದಿನ ಇಂಥ ಹಿತ ಪಡಬಾರದೆಂದು ಗೊತ್ತಿದ್ದರೂ ಪಟ್ಟಳು.

ಮಧ್ಯಾರಾಧನೆ ದೊಡ್ಡ ದಿನ. ಆಸ್ಪರಿಯ ಕಡೆಯಿಂದಲೂ ಜನ ಬಂದಿದ್ದರು. ಗುಡಿಯ ಹಜಾರ ತುಂಬಿ ಹಿತ್ತಲ ತನಕ ಎಲೆ ಬಿತ್ತು. ಅನ್ನ, ತೊವ್ವೆ ಬಡಿಸಿಯಾಯಿತು. ಮತ್ತೆ ಅದೇ ಮೌನ. ಪರಸ್ಥಳದವರು ಮುಖ ಮುಖ ನೋಡಿಕೊಂಡರು. ಒಬ್ಬ ಮುದುಕರು, "ಏನ್ರಪಾ, ನಿಮ್ಮ ಓಣಿ ಪದ್ಯ ಕೇಳಬೇಕಂತ ಬಂದ್ವಿ. ಯಾರೂ ಇಲ್ಲೇನು ಹೇಳೋರು?" ಎಂದೇಬಿಟ್ಟರು.

ಅಧ್ಯಕ್ಷನಿಗೆ ಆ ಮಾತು ನಾಟಿತು. ಪಂಕ್ತಿಯ ತಲೆಯಲ್ಲಿ ಕೂತಿದ್ದ ಗುರುರಾಜ ಗಂಟಲು ಸರಿಮಾಡಿಕೊಂಡ. "ಯಾಕಿಲ್ಲ? ಪದ್ಯ ಯಾರಪ್ಪನ ಸೊತ್ತೂ ಅಲ್ಲ" ಎಂದು ಎದುರು ಸಾಲಿನಲ್ಲಿ ತಲೆ ತಗ್ಗಿಸಿದ್ದ ಸೇತುಮಾಧವನ ಕಡೆ ಒಮ್ಮೆ ನೋಡಿ, ದನಿ ಎತ್ತಿ ಶುರುಮಾಡಿದ. ಒಳ್ಳೆಯ ದನಿ. ಹಿತ್ತಲಿನಲ್ಲಿದ್ದ ಸಕ್ಕೂಬಾಯಿ ಎಲೆ ಒರೆಸುವುದನ್ನು ನಿಲ್ಲಿಸಿದಳು.

"ಎಲೆಯ ಮುಂದೆ ಕುಳಿತ ಜನಕೆ ಅನ್ನ ಕೊಟ್ಟ ಒಡೆಯನೆ..."

ಎರಡನೆಯ ಸಾಲಿಗೆ ಧಾಟಿ ಏರಿತು. ತಿಂಗಳಿಂದ ಕಿಟಕಿಯ ಕೆಳಗೆ ಕೇಳಿದ್ದು, ಹಲ್ಲು ಕಚ್ಚಿ ನುಂಗಿದ್ದು, ನಿದ್ದೆಯಲ್ಲೂ ಬಿಡದೆ ಕಾಡಿದ್ದು, ಆ ಏರಿನಲ್ಲೇ ಕಾದು ಕೂತಿತ್ತು. ಗುರುರಾಜನ ನಾಲಿಗೆ ಅವನನ್ನು ಕೇಳಲಿಲ್ಲ.

"ಲಘುವ ಕೊಟ್ಟ ಗುರುವ ಕೊಟ್ಟ ರಗಳೆ ಕೊಟ್ಟ ಅಣ್ಣನೆ!"

ಧಾಟಿ ಇಳಿಯಿತು. ಪಂಕ್ತಿಗೆ ಪಂಕ್ತಿಯೇ, ಗುಡಿಯ ಗಂಟೆ ನಡುಗುವಂತೆ, ಒಂದೇ ಕೊರಳಾಗಿ ಕೂಗಿತು:

"ಗೋವಿಂದಾ... ಗೋವಿಂದ!"

ಕೂಗಿದ ಮೇಲೆ ತಿಳಿಯಿತು. ಮೊದಲು ತಿಳಿದದ್ದು ಪ್ರಾಣೇಶನಿಗೆ. ಅವನು ಬಾಯಲ್ಲಿದ್ದ ಅನ್ನವನ್ನು ಉಗುಳದಿರಲು ಅಂಗೈಯಿಂದ ಮುಖ ಮುಚ್ಚಿಕೊಂಡ. ಸಾಲಿನ ಉದ್ದಕ್ಕೂ ಭುಜಗಳು ಅಲುಗತೊಡಗಿದವು. ಆಸ್ಪರಿಯ ಮುದುಕರು ಪಕ್ಕದವನನ್ನು, "ಅಣ್ಣ ಯಾರು? ದೇವರಿಗೆ ಅಣ್ಣ ಅಂದ್ರೇನು?" ಎಂದು ಕೇಳುತ್ತಿದ್ದರು. ಗುರುರಾಜನ ಮುಖ ಮೊದಲು ಬಿಳುಪಾಯಿತು, ಆಮೇಲೆ ಕಪ್ಪಾಯಿತು. ಎದ್ದು ಹೋಗುವಂತಿರಲಿಲ್ಲ. ಪಂಕ್ತಿಯ ತಲೆಯಲ್ಲಿ ಕೂತವನು ಊಟ ಮುಗಿಸುವ ಕೊನೆಯ ನೀರು ತೆಗೆದುಕೊಳ್ಳುವ ತನಕ ಯಾರೂ ಏಳಬಾರದು, ಅವನಂತೂ ನಡುವೆ ಏಳಲೇಬಾರದು. ತನ್ನ ಎಲೆಯ ಮುಂದೆ ತಾನೇ ಕಟ್ಟಿಬಿದ್ದು ಕೂತ.

"ಅದು ಅವನು... ಅವನೇ ಮಾಡಿಸಿದ್ದು!" ಎಂದು ಸೇತುಮಾಧವನ ಕಡೆ ಬೆರಳು ಮಾಡಿದ.

ಸೇತುಮಾಧವ ತುಟಿ ಬಿಗಿದೇ ಇದ್ದ. ತಲೆ ಮಾತ್ರ ಅಡ್ಡಡ್ಡ ಆಡಿಸಿದ.

ಅಡಿಗೆಮನೆಯ ಬಾಗಿಲಿಗೆ ತುಳಸಿಬಾಯಿ ಬಂದು ನಿಂತಳು. ಸೊಂಟದ ಮೇಲೆ ಕೈ.

"ಗುರುರಾಜಾ, ಆತ ಬಾಯಿ ಬಿಚ್ಚಿಲ್ಲ. ನಾನೂ ನೋಡೀನಿ, ದೇವರೂ ನೋಡ್ಯಾನ. ನೇಮ ಹಾಕಿದಾವ ನೀನ. ಯಾರ ಬಾಯಿಂದ ಬಂದರೂ ಅಂದಾವ ನೀನ." ಆಮೇಲೆ ಒಳಗೆ ತಿರುಗಿ, "ಜಯಾ, ಸೌಟು ಕೆಳಗಿಡು" ಎಂದಳು.

"ನಾ ಏನು ಮಾಡೀನಿ?" ಜಯಾಬಾಯಿ ಸೌಟು ಬಿಡಲಿಲ್ಲ. "ಗಂಡಸರು ಆಡಿದ್ದಕ್ಕ ನಾ ಯಾಕ ಹೊರಗ ಹೋಗಲಿ?"

"ಆಕಿನೂ ಹಂಗ ಕೇಳಬೌದಿತ್ತು" ಎಂದಳು ತುಳಸಿಬಾಯಿ. "ಹೊರಗ ಕೂತು ಎಲಿ ತೊಳದಳು. ಇಡು. ತಳ ಹಿಡೀಲಿಕ್ಕೆ ಹತ್ತೇತಿ."

ಹಿಡಿಯುತ್ತಿತ್ತು. ಬೆಲ್ಲ ಸೀದ ಮೊದಲ ವಾಸನೆ ಹಿತ್ತಲಿಗೆ ಬಂದಿತ್ತು. ಸಕ್ಕೂಬಾಯಿ ಕಲ್ಲಿನಿಂದ ಎದ್ದಳು. ಮಡಿ ಕೆಟ್ಟಿರಲಿಲ್ಲ, ಎರಡು ದಿನವೂ ಮಡಿಯುಟ್ಟು ಯಾರನ್ನೂ ತಾಕದೆ ಕಾದುಕೊಂಡದ್ದು. ನೆಟ್ಟಗೆ ಒಳಗೆ ಹೋದಳು. ಈ ಸಲ ಸೌಟು ನೆಲದ ಮೇಲಿತ್ತು. ಬಗ್ಗಿ ಎತ್ತಿಕೊಂಡವಳು ಅವಳು. ಪಕ್ಕದಲ್ಲೇ ಅಳುತ್ತ ಹೊರಹೋದ ನೆಗೆಣ್ಣಿಗೆ ಒಂದು ಸಮಾಧಾನದ ಮಾತು ಆಡಬಹುದಿತ್ತು. ಆಡಲಿಲ್ಲ. ತಳ ಬಿಟ್ಟು ಮೇಲಿನದನ್ನು ಬೇರೆ ಪಾತ್ರೆಗೆ ತೆಗೆದು, ತುಪ್ಪ ಹಾಕಿ ತಿರುವಿ, ಮೊದಲೇ ತುಳಸಿಯಿಟ್ಟು ನೈವೇದ್ಯ ಮಾಡಿದ್ದ ಹಯಗ್ರೀವದೊಂದಿಗೆ ಬೆರೆಸಿ ಪಂಕ್ತಿಗೆ ತಂದಳು.

ಮೊದಲ ಎಲೆ ಗು‌ರುರಾಜನದು. ಅವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ, ಬೇಡವೆಂದು.

ಆರಾಧನೆಯ ಪ್ರಸಾದ ಬೇಡ ಅನ್ನುವಂತಿಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಸಕ್ಕೂಬಾಯಿ ಸೌಟು ಎತ್ತಿ ಹಿಡಿದು ಕಾದಳು. ಹಜಾರವೆಲ್ಲ ಅವಳನ್ನೇ ನೋಡುತ್ತಿತ್ತು. ಮದುವೆಯಾದಾಗಿನಿಂದ ಮಾತಿನ ಆಟವೆಂದರೆ ಮೈ ಉರಿಸಿಕೊಂಡವಳು, ತಣ್ಣನೆಯ ದನಿಯಲ್ಲಿ ಕೇಳಿದಳು:

"ಭಾವನೋರಿಗೆ ಲಘು ಹಾಕ್ಲೋ, ಗುರು ಹಾಕ್ಲೋ?"

ಹಜಾರ ಸಿಡಿಯಿತು. ಆಸ್ಪರಿಯ ಮುದುಕರೂ ಏನೂ ತಿಳಿಯದೆ ನಕ್ಕರು. ನಗದೆ ಕೂತವರು ಇಬ್ಬರೇ. ಒಬ್ಬ ಗುರುರಾಜ. ಮತ್ತೊಬ್ಬ ಸೇತುಮಾಧವ. ಅವನು ತಲೆ ಎತ್ತಿ ಹೆಂಡತಿಯ ಮುಖವನ್ನು ನೋಡಿದ, ಮಕ್ಕಳಿಲ್ಲದ್ದಕ್ಕೆ ತಾನೊಂದು ಮಾತಾಡಿದ ದಿನ ಅವಳು ತನ್ನನ್ನು ನೋಡಿದ ಹಾಗೆಯೇ. ಗುರುರಾಜ ಕೈ ತೆಗೆದ. ಅವಳು ತುಂಬಿದ ಸೌಟು ಬಡಿಸಿದಳು. ಅವನು ಉಂಡ. ಉಣ್ಣಲೇಬೇಕಿತ್ತು.

ಗುರುರಾಜ ಸಮಿತಿ ಬಿಟ್ಟ, ಏಕಾದಶಿಯ ಪಾಠ ಬಿಟ್ಟ. ಅವನ ಮನೆಯವರು ಪಂಕ್ತಿಗೆ ಬರುವುದನ್ನೂ ಬಿಟ್ಟರು. ಮಾರ್ಕೆಟ್ ರೋಡಿನ ಬಾಡಿಗೆ ಬಿಡಲಿಲ್ಲ. ನೀಲಿ ಅಕ್ಷರದ 'ನವರಸ' ಮಳೆಗೆ ಮಾಸುವ ತನಕ ಅಲ್ಲೇ ಇತ್ತು, ಮಾಸಿದ ಮೇಲೆ ಭೀಮಲಿಂಗಪ್ಪ ಮತ್ತೆ ಬರೆಸಿದ. ಗೋಡೆಯಾಚೆಯಿಂದ ಮಾತಿರಲಿ, ಸೀರೆಯ ಸೆರಗೂ ಇಳಿಯಲಿಲ್ಲ. ಸೇತುಮಾಧವ ಕಟ್ಟೆಯ ಮೇಲೆ ಕೂತರೂ ಪಟ್ಟಿ ಬೆಳೆಸಲಿಲ್ಲ. ಯಾರಾದರೂ, "ಒಂದು ಲಲಿತ ಕೊಡ್ರಿ" ಎಂದರೆ, "ಅಂಗಡಿ ಬಂದ್" ಎನ್ನುತ್ತಿದ್ದ. ಮನೆಯಲ್ಲಿ ಉಪ್ಪು ತೀರಿದರೆ ತರುತ್ತಿದ್ದ.

ಆದರೆ ಪದ್ಯ ಕೆಟ್ಟುಹೋಗಿತ್ತು. ಮರುವರ್ಷ ಮಧ್ಯಾರಾಧನೆಗೆ ಎಲೆಯ ಮುಂದೆ ಕೂತ ಜನ ಸೇತುಮಾಧವನ ಕಡೆ ನೋಡಿದರು. ಅವನು ಬಾಯಿ ತೆರೆದ. ಧಾಟಿ ಹಿಡಿಯುವ ಮೊದಲೇ ಸಾಲಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಅವನು ಬಾಯಿ ಮುಚ್ಚಿದ. ಮತ್ತೆ ತೆರೆಯಲಿಲ್ಲ. ಅಪ್ಪನ ಪದ್ಯವನ್ನು ತಾನೇ ಕೊಂದದ್ದು ಅವನಿಗೆ ಅಂದು ಎಲೆಯ ಮುಂದೆ ತಿಳಿಯಿತು.

ಸಕ್ಕೂಬಾಯಿ ಹಯಗ್ರೀವದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೆಂಗಸರು ಪಂಕ್ತಿಯಲ್ಲಿ ಪದ್ಯ ಹೇಳುವ ಪದ್ಧತಿ ಆ ಗುಡಿಯಲ್ಲಿ ಇರಲಿಲ್ಲ. ಅವಳು ಹಾಡಲೂ ಇಲ್ಲ. ಧಾಟಿಯಿಲ್ಲದೆ, ಬೈಯುವವಳಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಎಲೆಯ ಮುಂದೆ ಕುಳಿತ ಜನಕೆ ಅನ್ನ ಕೊಟ್ಟ ಒಡೆಯನೆ. ಜಲವ ಕೊಟ್ಟ, ಫಲವ ಕೊಟ್ಟ, ನೆಲವ ಕೊಟ್ಟ ಒಡೆಯನೆ. ನಗಲು ಕಾದಿದ್ದವರಿಗೆ ನಗುವ ಜಾಗ ಸಿಗಲಿಲ್ಲ. ಧಾಟಿ ಇರದ್ದರಿಂದ ಜನಕ್ಕೆ ಮೊದಲ ಸಲ ಮಾತು ಕೇಳಿಸಿತು. ಎಲ್ಲಿ ಗೋವಿಂದ ಅನ್ನಬೇಕೆಂದೂ ತಿಳಿಯಲಿಲ್ಲ. ಕೊನೆಯ ಸಾಲು ಮುಗಿದ ಮೇಲೆ, ತಡವಾಗಿ, ತಗ್ಗಿದ ದನಿಯಲ್ಲಿ ಗೋವಿಂದನ ಹೆಸರು ಬಂತು.

ಉಣದ ಮನೆಗು ಒಂದು ಎಲೆಯ ಹಾಸಿ ಕೊಟ್ಟು ಕಾಯೊ ನೀ. ದೇವರ ಮುಂದೆ ತಾನೇ ಬಾಯಿ ಬಿಟ್ಟು ಹೇಳಿದ್ದು. ಹೇಳಿದ ಮೇಲೆ ಮಾಡಬೇಕಾಯಿತು. ಮನೆಗೆ ಬಂದು ಒಂದು ಎಲೆಯಲ್ಲಿ ಹಯಗ್ರೀವ ಹಾಕಿ, ಗುರುರಾಜನ ಮನೆಗೂ ತಮ್ಮ ಮನೆಗೂ ನಡುವಿನ ಗೋಡೆಯ ಮೇಲೆ ಇಟ್ಟಳು. ಜಯಾಬಾಯಿಯನ್ನು ಕೂಗಲಿಲ್ಲ. ಬಳೆಯ ಸದ್ದೂ ಮಾಡಲಿಲ್ಲ. ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆಗೆ ಎಲೆ ಇರಲಿಲ್ಲ. ಕಾಗೆ ಒಯ್ದಿತೋ, ಜಯಾಬಾಯಿ ಒಯ್ದಳೋ, ಅವಳು ಯಾರನ್ನೂ ಕೇಳಲಿಲ್ಲ. ಮುಂದಿನ ವರ್ಷವೂ ಇಟ್ಟಳು. ಆಗಲೂ ಮಾತಾಡಿಸಲಿಲ್ಲ.